ಅಗ್ನಿಯ ಇಂಗ್ಲಿಷ್ ದಾಯಾದಿ

ಹೋಮಕ್ಕೆ ಬೆಂಕಿಪೊಟ್ಟಣ ಮುಟ್ಟಕೂಡದು, ಅರಣಿಯ ಕಟ್ಟಿಗೆಗಳನ್ನು ಕಡೆದೇ ಕಿಡಿ ಹುಟ್ಟಿಸಬೇಕು ಎಂಬುದು ಭಟ್ಟರ ಕಟ್ಟುನಿಟ್ಟು. ಅರಣಿಗೆ ಸುತ್ತಿದ ಹಗ್ಗವನ್ನು ಅರ್ಧ ಗಂಟೆ ಎಳೆದರೂ ಹೊಗೆಯ ಸುಳಿವಿಲ್ಲ. ಜನ ಆಕಳಿಸತೊಡಗಿದರು.

“ಮೇಷ್ಟ್ರೇ, ಬೆಂಕಿ ಬಗ್ಗೆ ನಾಲ್ಕು ಮಾತಾಡಿ,” ಎಂದರು ಭಟ್ಟರು ಬೆವರೊರೆಸಿಕೊಳ್ಳುತ್ತ. “ಆ ಬಾಗಿಲ ಹತ್ರ ನಿಂತ್ಕೊಳಿ, ಎಲ್ರಿಗೂ ಕೇಳ್ಸುತ್ತೆ.”

ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರನ್ನು ಮಾತಾಡಿ ಎಂದು ಅಲ್ಲಿಯವರೆಗೆ ಯಾರೂ ಕೇಳಿಕೊಂಡಿರಲಿಲ್ಲ. ಬಾಗಿಲಿಗೆ ಹೋಗಿ ಶುರು ಹಚ್ಚಿಕೊಂಡರು.

“ಇಗ್ನೈಟ್ ಅಂದ್ರೆ ಬೆಂಕಿ ಹೊತ್ತಿಸೋದು. ಅದರ ಮೂಲ ಲ್ಯಾಟಿನ್ನಿನ ಇಗ್ನಿಸ್. ಆ ಇಗ್ನಿಸ್ಸೂ ನಮ್ಮ ಅಗ್ನಿಯೂ ದಾಯಾದಿಗಳು ಕಣ್ರೀ!”

ಸಭೆಯೆಲ್ಲ ಹೋಮಕುಂಡಕ್ಕೆ ಬೆನ್ನು ಹಾಕಿ ಅವರತ್ತ ತಿರುಗಿತು. ಅಜ್ಜಿಯೊಬ್ಬರು ಕೈಮುಗಿದರು. ಮೇಷ್ಟ್ರು ಪದದ ಎರಡನೆಯ ಅರ್ಥಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕುಂಡದಲ್ಲಿ ಬೆಂಕಿ ಭಗ್ಗೆಂದಿತು. “ಮಂತ್ರಶಕ್ತಿ!” ಎಂದು ಜನ ಅತ್ತ ನುಗ್ಗಿದರು. ಭಟ್ಟರು ಸೊಂಟಕ್ಕೆ ಏನೋ ಸಿಕ್ಕಿಸಿಕೊಂಡದ್ದು ಮೇಷ್ಟ್ರೊಬ್ಬರಿಗೇ ಕಂಡಿತು.

ಊಟಕ್ಕೆ ಪಕ್ಕದ ಎಲೆಯಲ್ಲಿ ಕೂತ ಭಟ್ಟರನ್ನು ಅವರು ದುರುಗುಟ್ಟಿ ನೋಡಿದರು.

“ನೀವು ಮಾಡಿದ್ದು ದೊಡ್ಡ ತಪ್ಪು, ಭಟ್ರೇ.”

ಭಟ್ಟರ ತುತ್ತು ಬಾಯಿಯ ಹತ್ತಿರವೇ ನಿಂತಿತು.

“ಇನ್ನೂ ಮೂರು ಅರ್ಥ ಬಾಕಿ ಇತ್ತು. ಮುಂದಿನ ಹೋಮದಲ್ಲಿ ನನ್ನ ಮಾತು ಮುಗಿಯೋವರ್ಗೂ ಲೈಟರ್ ತೆಗೀಬೇಡಿ.”