ತೌರಿನ ಬೀಜ

“ತಪ್ಪು ನನ್ನ ಗಡ್ಡೇದು ಅತ್ತಿಗೆ, ನನ್ನ ಮಗಳದ್ದಲ್ಲ!”

ಬಸ್ಸಿಳಿದು ಓಡೋಡಿ ಬಂದ ಕೊಂಡಮ್ಮ ಬೀಗರ ಮನೆಯ ಜಗಲಿ ಮೇಲೆ ಕೂರುವ ಮೊದಲೇ ಹೇಳಿಬಿಟ್ಟಳು. ಪೆರೇಸಂದ್ರದಿಂದ ಜಂಗಮಕೋಟೆಯವರೆಗೂ ಇದೊಂದೇ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು, ಪಾಪ. ಬೀಗಿತ್ತಿ ಚಿಕ್ಕವೆಂಕಟಮ್ಮ ರಾಗಿ ಕೇರುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು, “ಮೊದ್ಲು ಕೂತ್ಕೊ ಅತ್ತಿಗೆ. ಆಂಜಿನೀ, ನಿಮ್ಮಮ್ಮ ಬಂದವ್ರೆ, ಮಜ್ಜಿಗೆ ತಾರಮ್ಮ” ಎಂದಳು.

ಆಂಜಿನಮ್ಮ ಮಜ್ಜಿಗೆ ತಂದಿಟ್ಟು, ತಾಯಿಯ ಮುಖವನ್ನೂ ನೋಡದೆ ಬಾಗಿಲ ಹಿಂದಕ್ಕೆ ಸರಿದುಕೊಂಡಳು. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ, ಹುಡುಗಿ ಆಗಲೇ ಹೆಂಗಾಗಿಹೋಗಿದ್ದಾಳೆ! ಕೈಯೆತ್ತಿದರೆ ಬಳೆಗಳು ಮೊಣಕೈಗೆ ಜಾರುತ್ತಿದ್ದವು.

ಆಗಿದ್ದಿಷ್ಟೇ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಕೊಂಡಮ್ಮ ಮಡಿಲಕ್ಕಿಯ ಜೊತೆಗೆ ಒಂದು ಮೂಟೆ ಬಿತ್ತನೆ ಆಲೂಗಡ್ಡೆಯನ್ನೂ ಗಾಡಿಗೆ ಹೇರಿಸಿದ್ದಳು. ತೌರಿನ ಬೆಳೆ ಅತ್ತೆ ಮನೆಯಲ್ಲೂ ಬರಲಿ ಅನ್ನೋ ಆಸೆ, ಇನ್ನೇನು? ಬೀಗರೂ ಸಂತೋಷಪಟ್ಟು ಹೊಸ ಸೊಸೆಯ ಕೈಯಲ್ಲೇ ನೆಡಿಸಿದರು. ಗಿಡ ಗೇಣುದ್ದ ಆಗುವಷ್ಟರಲ್ಲಿ ಅವಳು ನೆಟ್ಟ ಸಾಲುಗಳ ಎಲೆಯೆಲ್ಲ ದೊನ್ನೆಯ ಹಾಗೆ ಮುದುರಿಕೊಂಡು, ಹಳದಿಗೆ ತಿರುಗಿ, ಮುಟ್ಟಿದರೆ ಲಟಲಟ ಅನ್ನತೊಡಗಿದವು. ಅಲ್ಲಿಂದ ಪಕ್ಕದ ಸಾಲಿಗೆ, ಅಲ್ಲಿಂದ ಇಡೀ ಹೊಲಕ್ಕೆ. ಅಗೆದು ನೋಡಿದರೆ ಗೋಲಿ ಗಾತ್ರದ ಗಡ್ಡೆ! ಊರವರಿಗೆ ಇಷ್ಟು ಸಾಲದೆ? ಸೊಸೆ ಕೈಯಿಟ್ಟ ಕಡೆಯಿಂದಲೇ ಹೊಲ ಹಾಳಾಯಿತು, ಅವಳ ಕೈಗುಣ ಸರಿಯಿಲ್ಲ ಎಂದು ಬಾವಿಕಟ್ಟೆಯಲ್ಲಿ ಆಡಿಕೊಂಡರು. ಹುಡುಗಿಯನ್ನು ತೌರಿಗಟ್ಟಿ ಮಗನಿಗೆ ಬೇರೆ ಹೆಣ್ಣು ತರುವ ಮಾತು ಮನೆಯೊಳಗೂ ಎದ್ದಿತು. ಸುಳ್ಳು ಹೇಳಬಾರದು, ಚಿಕ್ಕವೆಂಕಟಮ್ಮ ಅದಕ್ಕಿನ್ನೂ ಹ್ಞೂ ಅಂದಿರಲಿಲ್ಲ. ಅವಳು ಹ್ಞೂ ಅಂದರೆ ಆ ಮನೆಯಲ್ಲಿ ಎರಡು ಮಾತಿರಲಿಲ್ಲ.

“ನಮ್ಮೂರಿಗೆ ಗ್ರಾಮಸೇವಕರು ಬಂದಿದ್ರು ಅತ್ತಿಗೆ,” ಕೊಂಡಮ್ಮ ಮಜ್ಜಿಗೆ ಮುಟ್ಟದೆ ಶುರುಮಾಡಿದಳು. “ನಮ್ಮ ಹೊಲದ ಗಿಡಾನೂ ಕಿತ್ತು ನೋಡಿದ್ರು. ಇದು ದೃಷ್ಟೀನೂ ಅಲ್ಲ, ಗಾಳೀನೂ ಅಲ್ಲ. ವೈರಸ್ಸೋ ಗೀರಸ್ಸೋ ಏನೋ ಅಂದ್ರು, ಕಣ್ಣಿಗೆ ಕಾಣದಂಥ ನಂಜಂತೆ. ಗಡ್ಡೆ ಒಳಗೇ ಕೂತಿರ್ತದಂತೆ. ಎಲೆ ಅಡೀಲಿ ಹಸಿರು ಹೇನು ಇರ್ತವಲ್ಲ, ಅವು ಒಂದು ಗಿಡದ ರಸ ಹೀರಿ ಇನ್ನೊಂದರ ಮೇಲೆ ಕೂತ್ರೆ ಸಾಕು, ಅದಕ್ಕೂ ಅಂಟ್ಕೊಂತದಂತೆ.”

“ಅಲ್ಲ ಕಣೆ, ನೀನು ಕಳಿಸಿದ ಗಡ್ಡೆ ಚೆನ್ನಾಗೇ ಇತ್ತಲ್ಲ? ನಾನೇ ಕೈಯಲ್ಲಿ ಹಿಡಿದು ನೋಡಿದ್ನಲ್ಲ?”

“ಅಲ್ಲೇ ಇರೋದು ಮೋಸ! ಮೇಲೆ ನೋಡಿದ್ರೆ ಏನೂ ಗೊತ್ತಾಗಲ್ಲ. ನಾವೇನ್ ಮಾಡ್ತೀವಿ? ದಪ್ಪ ಗಡ್ಡೇನೆಲ್ಲ ಚಿಕ್ಕಬಳ್ಳಾಪುರದ ಮಂಡಿಗೆ ಹಾಕ್ತೀವಿ, ಸಣ್ಣವನ್ನ ಬಿತ್ತನೆಗೆ ಇಟ್ಕೊಂತೀವಿ. ರೋಗದ ಗಿಡ ಬಿಡೋದೇ ಸಣ್ಣ ಗಡ್ಡೆ ಅತ್ತಿಗೆ! ವರ್ಷವರ್ಷಾನೂ ಆರಿಸಿ ಆರಿಸಿ ರೋಗಾನೇ ಕೂಡಿಟ್ಟೀನಿ ನಾನು, ನನ್ನ ಕೈಯಾರೆ.” ಹೇಳುತ್ತ ಹೇಳುತ್ತ ಅವಳಿಗೆ ಒಳಗೊಳಗೇ ಹಗುರವಾಗುತ್ತಿತ್ತು. ತನ್ನ ಮಾನ ಹೋದರೆ ಹೋಗಲಿ, ಮಗಳ ಬಾಳು ಉಳಿಯಲಿ.

ಚಿಕ್ಕವೆಂಕಟಮ್ಮ ತಲೆಯಾಡಿಸಿದಳು. “ಹಂಗಾದ್ರೆ ನಮ್ಮ ಆಂಜಿನಿ ಕೈಗುಣದ್ದು ಏನೂ ಇಲ್ಲ.”

“ದೇವರಾಣೆಗೂ ಇಲ್ಲ!”

ಬಾಗಿಲ ಹಿಂದೆ ಬಳೆ ಸದ್ದಾಯಿತು. ಆಂಜಿನಮ್ಮ ಹೊಸ್ತಿಲಿಗೆ ಬಂದು ನಿಂತು ಮೊದಲ ಸಲ ತಲೆಯೆತ್ತಿ ಅಮ್ಮನನ್ನು ನೋಡಿದಳು. ಅಬ್ಬಾ, ಸದ್ಯ ಗೆದ್ದೆ ಅಂದುಕೊಂಡಳು ಕೊಂಡಮ್ಮ. ಆಗ ಲೋಟ ಎತ್ತಿ ಗಟಗಟ ಮಜ್ಜಿಗೆ ಕುಡಿದಳು.

ಚಿಕ್ಕವೆಂಕಟಮ್ಮ ಮಾತ್ರ ಇನ್ನೂ ಯೋಚನೆ ಮಾಡುತ್ತಲೇ ಇದ್ದಳು.

“ತಾಯಿ ಗಡ್ಡೇಲಿದ್ರೆ ಮರಿಗಡ್ಡೆಗೂ ಬರ್ತದಾ ಅತ್ತಿಗೆ?”

“ಬಂದೇ ಬರ್ತದಂತೆ.” ಕೊಂಡಮ್ಮ ಹುರುಪಿನಿಂದಲೇ ಹೇಳಿದಳು. ಗೊತ್ತಿದ್ದದ್ದನ್ನು ಕೇಳಿದರೆ ಯಾರಿಗೆ ತಾನೆ ಹುರುಪು ಬರೋದಿಲ್ಲ?

“ಮೇಲ್ ನೋಟಕ್ಕೆ ಚೆನ್ನಾಗಿದ್ರೂ?”

“ಚೆನ್ನಾಗಿದ್ರೂನೂವೆ.”

“ಮದ್ದು?”

“ಇಲ್ವಂತೆ. ಏನು ಹೊಡೆದ್ರೂ ವಾಸಿಯಾಗಲ್ವಂತೆ.”

“ಮತ್ತೆ ಏನ್ ಮಾಡ್ಬೇಕಂತೆ?”

“ಬೇರೆದಕ್ಕೆ ಅಂಟೋಕೆ ಮುಂಚೆ ಕಿತ್ತು ಹಾಕ್ಬೇಕಂತೆ. ಬೀಜಾನ ಬೇರೆ ಕಡೆಯಿಂದ ತರ್ಬೇಕಂತೆ.”

ಚಿಕ್ಕವೆಂಕಟಮ್ಮನ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಕೊಂಡಮ್ಮ ಅಲ್ಲಿ ಕಂಡದ್ದು ಭಯ. “ನಂಗಿರೋನು ಒಬ್ಬನೇ ಮಗ ಅತ್ತಿಗೆ” ಎಂದಳು ಬೀಗಿತ್ತಿ. ಇದನ್ನೇಕೆ ಈಗ ಹೇಳಿದಳೋ ಕೊಂಡಮ್ಮನಿಗೆ ತಿಳಿಯಲಿಲ್ಲ. ಹೌದಲ್ಲವೇ ಎಂದು ತಲೆಯಾಡಿಸಿದಳು.

ಚಿಕ್ಕವೆಂಕಟಮ್ಮ ಹೊಸ್ತಿಲ ಕಡೆ ತಿರುಗಿದಳು.

“ಆಂಜಿನೀ, ನಿನ್ನ ಸೀರೆಗಳ್ನ ಗಂಟು ಕಟ್ಕೊಳಮ್ಮ. ಬೀಜ ಬೇರೆ ಕಡೆಯಿಂದ ತರ್ಬೇಕಂತೆ. ನಿಮ್ಮಮ್ಮನೇ ಹೇಳ್ತಾವ್ರೆ.”