ಏನೂ ಹಾಕದ ತಾಕು

ಆ ವರ್ಷ ಎರೆಹುಳು ಜೋಡಿಗೆ ಎಂಟುನೂರು ರೂಪಾಯಿ, ಜೀವವಿರುವ ಮಣ್ಣು ಚಮಚಕ್ಕೆ ಸಾವಿರ. ಊರೂರಿನ ಮಣ್ಣೆಲ್ಲ ರಾಸಾಯನಿಕ ಗೊಬ್ಬರದ ಪುಡಿ ತಿಂದು ತಿಂದು ಸತ್ತಿತ್ತು; ವಾರಕ್ಕೊಮ್ಮೆ ಪುಡಿ ಹಾಕದಿದ್ದರೆ ಹುಲ್ಲೂ ಮೊಳೆಯುತ್ತಿರಲಿಲ್ಲ.

ಹೆಬ್ಬಳ್ಳಿಕೆರೆ ಕೃಷಿ ಸಂಶೋಧನಾ ಕೇಂದ್ರದ ಒಂಬತ್ತನೇ ತಾಕಿನಲ್ಲಿ ಮಾತ್ರ ಮಣ್ಣು ಬದುಕಿತ್ತು. ಬೇರೆ ತಾಕುಗಳೊಡನೆ ಹೋಲಿಸಿ ನೋಡಲೆಂದು ಹಿಂದಿನವರು ಅದಕ್ಕೆ ಏನೂ ಹಾಕದೆ ಬಿಟ್ಟು ನೂರಿಪ್ಪತ್ತು ವರ್ಷವಾಗಿತ್ತು. ಯಾರೂ ಏನೂ ಹಾಕದಂತೆ ಕಾಯುವುದೇ ಚಿಕ್ಕೀರಮ್ಮನ ಕೆಲಸ. ಪ್ರತಿ ಯುಗಾದಿಗೆ ದಪ್ಪ ಪುಸ್ತಕದಲ್ಲಿ, 'ಏನೂ ಹಾಕಿಲ್ಲ, ಮಣ್ಣು ತೆಗೆದಿಲ್ಲ' ಎಂದು ಬರೆಯುತ್ತಿದ್ದಳು.

ಕೇಂದ್ರವನ್ನು ಮುಚ್ಚಬಹುದೇ ಎಂದು ನೋಡಲು ಬಂದ ಅಧಿಕಾರಿ ತ್ಯಾಗರಾಜ್ ಆ ಪುಸ್ತಕವನ್ನು ತಿರುವಿ ಹಾಕಿದರು.

"ನೂರಿಪ್ಪತ್ತು ವರ್ಷ ಸಂಬಳ ತಗೊಂಡು ಏನೂ ಮಾಡಿಲ್ಲ ಅಂತ ನೀವೇ ಬರ್ಕೊಂಡಿದ್ದೀರಲ್ಲಮ್ಮ."

"ಏನೂ ಮಾಡ್ದೆ ಇರೋದು ಸುಲಭ ಅಂದ್ಕೊಂಡ್ರಾ ಸ್ವಾಮಿ? ಬಂದ ಸಾಹೇಬ್ರೆಲ್ಲ ಒಂದೊಂದು ಪುಡಿ ಚೀಲ ಹಿಡ್ಕೊಂಡೇ ಬರೋರು. ಅವ್ರನ್ನ ಅಟ್ಟೋದ್ರಲ್ಲೇ ನನ್ ಕೂದ್ಲು ಬೆಳ್ಳಗಾಯ್ತು."

ತಮ್ಮ ವರದಿಯಲ್ಲಿ 'ಸಾರ್ವಜನಿಕರಿಗೆ ಉಪಯೋಗವಿಲ್ಲ' ಎಂದು ಬರೆದ ಅಧಿಕಾರಿ, ಸಹಿ ಹಾಕುವ ಮೊದಲು ಅತ್ತಿತ್ತ ನೋಡಿ ಬ್ಯಾಗಿನಿಂದ ಖಾಲಿ ಟಿಫಿನ್ ಡಬ್ಬಿ ತೆಗೆದರು.

"ಮನೇಲಿ ಕರಿಬೇವಿನ ಗಿಡ ಒಣಗ್ತಾ ಇದೆ. ಒಂದು ಬೊಗಸೆ ಮಣ್ಣು ತನ್ನಿ ಅಂದಿದ್ದಾರೆ ನಮ್ಮನೆಯವರು."

ಚಿಕ್ಕೀರಮ್ಮ ಡಬ್ಬಿ ಇಸಿದುಕೊಂಡಳು. "ನಿಮ್ಮನೆಯವ್ರು ಸಾರ್ವಜನಿಕ್ರಲ್ವಾ ಸ್ವಾಮಿ? ಮೊದ್ಲು ಆ ಸಾಲು ತಿದ್ದಿ."

ಅವರು ತಿದ್ದಿ ಸಹಿ ಹಾಕಿದರು. ಆ ಯುಗಾದಿಗೆ ಅವಳು, 'ಏನೂ ಹಾಕಿಲ್ಲ, ಒಂದು ಬೊಗಸೆ ತೆಗೆದಿದೆ' ಎಂದು ಬರೆದಳು. ಕೇಂದ್ರ ಉಳಿಯಿತು, ಹಿಂದಿನವರು ಕಾಯ್ದಿಟ್ಟ ಮಣ್ಣಿನಲ್ಲಿ ಒಂದು ಬೊಗಸೆ ಕಡಿಮೆಯಾಯಿತು.