ಮೂಲೆಯ ದೀಪದ ಹತ್ತಿರ

ನಾಲ್ಕನೇ ಸ್ಕ್ರೂ ಬಿಚ್ಚಿದ್ದೇ ತಡ, ಈಜುಕೊಳದ ದಂಡೆಯ ಬುಡದಲ್ಲಿದ್ದ ವೈರಿನ ಪೆಟ್ಟಿಗೆಯಿಂದ ನೀರು ಗಳಗಳನೆ ಹೊರಬಂದು ಮುದುಕ ಎಲೆಕ್ಟ್ರಿಷಿಯನ್ನನ ಎರಡೂ ಬೂಟುಗಳನ್ನು ತೋಯಿಸಿತು. ಪುಣ್ಯಕ್ಕೆ ಮುದುಕ ಕೊಳದ ದೀಪಗಳ ಮೇನ್ ಸ್ವಿಚ್ ಆರಿಸಿಯೇ ಕೆಲಸಕ್ಕೆ ಕೂತಿದ್ದ. ಕುಕ್ಕರಗಾಲಲ್ಲೇ ಹಿಂದೆ ಸರಿದು, ಕನ್ನಡಕವನ್ನು ಹಣೆಗೇರಿಸಿ, ಪಕ್ಕದಲ್ಲಿ ನಿಂತಿದ್ದ ಕೊಳದ ಮೇಲ್ವಿಚಾರಕನನ್ನು ನೋಡಿದ.

"ಇದೇನು, ವೈರ್ ಇಡೋ ಪೆಟ್ಟಿಗೇನಾ, ಮೀನು ಸಾಕೋ ತೊಟ್ಟೀನಾ?"

"ಕೊಳದ ಪಕ್ಕ ಇದ್ಮೇಲೆ ಒಂದಿಷ್ಟು ನೀರು ಬರೋದೇ ಅಲ್ವಾ ಯಜಮಾನ್ರೇ," ಎಂದ ಮೇಲ್ವಿಚಾರಕ. ಅವನು ಮುದುಕನನ್ನು ಕರೆಸಿದ್ದು ಮೂಲೆಯ ದೀಪ ಮಿಣುಕುತ್ತಿದೆ ಎಂದು, ಅಷ್ಟೇ. ಕ್ಲಬ್ಬಿನ ನೆಲಮಾಳಿಗೆಯಲ್ಲಿದ್ದ ಕೊಳ ಅದು. ನೀರಿನೊಳಗಿನ ದೀಪಗಳು ಹಗಲಲ್ಲೂ ಉರಿಯಲೇಬೇಕು.

"ದೀಪದ ಹಿಂದಿನ ಪೈಪಲ್ಲಿ ಹತ್ತಿಕೊಂಡು ಬಂದಿದೆ. ಪೆಟ್ಟಿಗೆ ಕೊಳದ ನೀರಿಗಿಂತ ತಗ್ಗಲ್ಲಿದ್ರೆ ಬರದೆ ಇನ್ನೇನು ಮಾಡುತ್ತೆ? ಜಾಯಿಂಟ್ ಪೂರ್ತಿ ಮುಳುಗಿದೆ. ಅದಿರ್ಲಿ, ಟ್ರಿಪ್ ಸ್ವಿಚ್ ಯಾಕೆ ಬಿದ್ದಿಲ್ಲ?"

ಮೇಲ್ವಿಚಾರಕ ಕತ್ತು ಕೆರೆದುಕೊಂಡ. ಕರೆಂಟ್ ಒಂದಿಷ್ಟು ಸೋರಿದರೂ ಆ ಸ್ವಿಚ್ಚು ತಾನಾಗಿ ಬಿದ್ದು ದೀಪ ಆರಿಸಬೇಕು. ಬೀಳುತ್ತಲೂ ಇತ್ತು, ದಿನಕ್ಕೆ ಹತ್ತು ಸಲ. ಬಿದ್ದಾಗಲೆಲ್ಲ ಕತ್ತಲಲ್ಲಿ ಈಜುವವರು ಬೊಬ್ಬೆ ಹಾಕುವುದು, ಕ್ಲಬ್ಬಿನ ಕಾರ್ಯದರ್ಶಿ ಮೇಲಿನಿಂದ ಫೋನು ಮಾಡಿ ಉಗಿಯುವುದು. ಕೇಳಿ ಕೇಳಿ ತಲೆಚಿಟ್ಟು ಹಿಡಿದು, ಹತ್ತು ದಿನದ ಹಿಂದೆ ಅವನೇ ಬೆರಳುದ್ದದ ವೈರೊಂದನ್ನು ಅಡ್ಡ ಹಾಕಿ ಸ್ವಿಚ್ಚಿನ ಬಾಯಿ ಮುಚ್ಚಿಸಿದ್ದ. ಆಮೇಲೆ ಅದು ತುಟಿಪಿಟಕ್ಕೆಂದಿರಲಿಲ್ಲ. ಕಾರ್ಯದರ್ಶಿ ಬೆನ್ನು ತಟ್ಟಿದ್ದರು.

"ಹತ್ತು ದಿನ ಆಯ್ತು ಯಜಮಾನ್ರೇ," ಎಂದ ಎಲ್ಲವನ್ನೂ ಹೇಳಿ ಮುಗಿಸಿ. "ದಿನಾ ಎಷ್ಟು ಜನ ಇಳಿದು ಹತ್ತಿದಾರೆ! ಒಬ್ರಿಗಾದ್ರೂ ಏನಾದ್ರೂ ಆಗಿದ್ಯಾ?"

"ಏನೂ ಆಗಿಲ್ಲ ಅಂತ ಯಾರನ್ನ ಕೇಳಿದ್ರಿ?"

ಅಷ್ಟರಲ್ಲಿ ಬಟ್ಟೆ ಬದಲಾಯಿಸುವ ಕೋಣೆಯಿಂದ ಮೇಲ್ವಿಚಾರಕನ ತಾಯಿ ಹೆಗಲಿಗೆ ಟವೆಲ್ ಹಾಕಿಕೊಂಡು ಬಂದಳು. ಮಂಡಿನೋವಿಗೆ ನೀರಲ್ಲಿ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಮಧ್ಯಾಹ್ನ ಕೊಳ ಖಾಲಿ ಬಿದ್ದಿರುವ ಒಂದು ಗಂಟೆಯನ್ನು ಮಗ ಕಾರ್ಯದರ್ಶಿಯ ಕೈಕಾಲು ಹಿಡಿದು ಅವಳಿಗೆ ಕೊಡಿಸಿದ್ದ. ಅಮ್ಮನಿಗೆಂದು ನೀನು ಮಾಡಿದ್ದೇನು ಎಂದು ಯಾರಾದರೂ ಕೇಳಿದ್ದರೆ ಅವನು ಎದೆಯುಬ್ಬಿಸಿ ಹೇಳಬಹುದಾಗಿದ್ದದ್ದು ಇದೊಂದೇ.

"ಯಾಕೋ ದೀಪ ಆರಿಸಿದೀಯ? ನಾನು ಆ ಮೂಲೆಗೆ ಹೋಗೋದು ಹೇಗೆ?"

"ಇವತ್ತು ಬೇಡಮ್ಮ, ರಿಪೇರಿ ನಡೀತಿದೆ."

"ಮೂಲೆಗೇ ಯಾಕೆ ತಾಯಿ?" ಎಂದು ಮುದುಕ ನಡುವೆ ಬಾಯಿ ಹಾಕಿದ. "ಅಲ್ಲೇನಿದೆ?"

"ಆ ದೀಪದ ಹತ್ರ ನಿಂತ್ರೆ ನೀರು ಜುಮ್ ಅನ್ನುತ್ತಪ್ಪಾ. ಮೊದಲು ಹಾಗಿರ್ಲಿಲ್ಲ, ಈಗೊಂದು ಹತ್ತು ದಿನದಿಂದ. ಅಲ್ಲಿರೋ ಕಂಬಿ ಹಿಡ್ಕೊಂಡ್ರಂತೂ ಮೊಣಕೈವರೆಗೂ ಏರುತ್ತೆ. ನೋವು ಅರ್ಧಕ್ಕರ್ಧ ಇಳಿದಿದೆ ನೋಡು. ಇವನು ನನಗೋಸ್ಕರ ಏನೋ ಔಷಧಿ ಹಾಕಿಸ್ತಾನೆ, ಬಾಯಿ ಬಿಟ್ಟು ಹೇಳಲ್ಲ."

ಅವಳು ಮನೆಯಲ್ಲೂ ಹೇಳಿದ್ದಳು. 'ನಿನ್ನ ಕೊಳಕ್ಕಿಳಿದ್ರೆ ಮೈಯೆಲ್ಲ ಜುಮ್ ಅನ್ನುತ್ತೆ ಕಣೋ' ಎಂದು ಊಟಕ್ಕೆ ಕೂತಾಗ ಒಂದಲ್ಲ, ಎರಡು ಸಲ. ಖುಷಿಯಾದರೂ ಮೈ ಜುಮ್ಮೆನ್ನುತ್ತದಲ್ಲ! ಅಮ್ಮನಿಗೆ ಖುಷಿಯಾಗಿದೆ ಎಂದುಕೊಂಡು ಮಗ ಉಬ್ಬಿಹೋಗಿದ್ದ. ಮರುದಿನ ಆ ಮಾತನ್ನು ಚಾಚೂ ತಪ್ಪದೆ ಕಾರ್ಯದರ್ಶಿಗೂ ಒಪ್ಪಿಸಿದ್ದ.

ಈಗ ಅವನಿಗೆ ಆ ಜುಮ್ಮಿನ ಅರ್ಥ ಹೊಳೆಯಿತು. ಕೂರಲು ಏನಾದರೂ ಸಿಕ್ಕೀತೇ ಎಂದು ತಡಕಾಡಿ, ಸಿಗದೆ, ಒದ್ದೆ ನೆಲದ ಮೇಲೇ ಕುಸಿದು ಕೂತ. ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಗಿತ್ತು. ಮುದುಕ ಅವನನ್ನು ಬೈಯಲಿಲ್ಲ. "ನಾಲ್ಕು ದಿನ ನೀರಿಗೆ ರಜ ತಾಯಿ, ಮನೆಗೆ ಹೋಗಿ," ಎಂದಷ್ಟೇ ಹೇಳಿ, ಗೋಡೆಯ ಪ್ಯಾನಲ್ಲಿನ ಹತ್ತಿರ ಹೋಗಿ, ಆ ಬೆರಳುದ್ದದ ವೈರನ್ನು ಕಿತ್ತು ತನ್ನ ಜೇಬಿಗೆ ಹಾಕಿಕೊಂಡ.

ನಾಲ್ಕು ದಿನ ಕೊಳಕ್ಕೆ ಬೀಗ ಬಿತ್ತು. ದೀಪದಿಂದ ಪೆಟ್ಟಿಗೆಯವರೆಗೆ ಎಲ್ಲೂ ಜಾಯಿಂಟ್ ಇಲ್ಲದ ಹೊಸ ವೈರು ಬಂತು. ಪೆಟ್ಟಿಗೆ ನೀರಿನ ಮಟ್ಟಕ್ಕಿಂತ ಎರಡು ಮೊಳ ಮೇಲೆ ಗೋಡೆ ಹತ್ತಿ ಕೂತಿತು. ಟ್ರಿಪ್ ಸ್ವಿಚ್ಚಿಗೆ ಬೀಳುವ ಹಕ್ಕು ಮರಳಿ ಸಿಕ್ಕಿತು. ನಡೆದದ್ದನ್ನು ಅಮ್ಮನಿಗೆ ಹೇಳಿಬಿಡಬೇಕೆಂದು ಮೇಲ್ವಿಚಾರಕ ದಿನವೂ ಊಟಕ್ಕೆ ಕೂರುತ್ತಿದ್ದ. ಊಟ ಮುಗಿಸಿ ಕೈ ತೊಳೆದುಕೊಂಡು ಎದ್ದುಹೋಗುತ್ತಿದ್ದ.

ಐದನೆಯ ದಿನ ಅವಳು ಮೆಟ್ಟಿಲಿಳಿದು ನೇರ ಮೂಲೆಯ ದೀಪದ ಹತ್ತಿರ ಹೋಗಿ ನಿಂತಳು. ಸ್ವಲ್ಪ ಹೊತ್ತು ಕಾದಳು. ಎಡಗೈಯಲ್ಲಿ ಕಂಬಿ ಹಿಡಿದು ನೋಡಿದಳು, ಬಲಗೈಯಲ್ಲೂ ಹಿಡಿದು ನೋಡಿದಳು. ದಂಡೆಯ ಮೇಲಿಂದ ಮಗ ಬಗ್ಗಿ ನೋಡುತ್ತಿದ್ದ.

"ಏನಾದ್ರೂ ಅನ್ನಿಸ್ತಿದ್ಯಾ ಅಮ್ಮ?"

"ಏನೂ ಇಲ್ಲ ಕಣೋ," ಎಂದಳು ಅವಳು, ಮುಖ ಸಣ್ಣದು ಮಾಡಿಕೊಂಡು. "ಆ ಮುದುಕ ಅದೇನು ಕೆಡಿಸಿಟ್ಟು ಹೋದ್ನೋ, ನೀರಲ್ಲಿ ಜೀವಾನೇ ಇಲ್ಲ. ಮೊದಲು ನೀನೇ ಏನೋ ಮಾಡಿದ್ದೆಯಲ್ಲ, ಹಾಗೇ ಮಾಡಿಕೊಡೋ."